ಕಲ್ಲಿನ ಜೊತೆ ಹೋಗುವ ಚೀಟಿ

ಅಹಮದಾಬಾದ್

ಗುಜರಾತಿನಲ್ಲಿ ಬೇಳೆಗೂ ಬೆಲ್ಲ ಬೀಳುತ್ತದೆ ಎಂದು ಹೋಗಿ ಬಂದವರೆಲ್ಲ ಹೆದರಿಸಿದ್ದರು. ಅದಕ್ಕೇ ಗದಗಿನಿಂದ ಹೊರಡುವಾಗ ಕೆಂಪು ಮೆಣಸಿನಕಾಯಿ ಚಟ್ನಿಯ ಭರಣಿಯೊಂದನ್ನು ಬಟ್ಟೆ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೆ. ಪುಣೆ ದಾಟುವಷ್ಟರಲ್ಲಿ ಅದು ಸೋರಿ, ತಂಗಿಗೆಂದು ಒಯ್ಯುತ್ತಿದ್ದ ಇಳಕಲ್ ಸೀರೆಗೆ ಮೆತ್ತಿಕೊಂಡಿತ್ತು. ಮೆತ್ತಿದ್ದು ಸೆರಗಿಗೆ, ಸೆರಗು ಹೇಗೂ ಕೆಂಪು. ಇಂಥ ಸಣ್ಣ ಸಣ್ಣ ದಯೆಗಳನ್ನು ನಾನು ದಿನಾ ಸಂಜೆ ದೀಪ ಹಚ್ಚುವಾಗ ನಮ್ಮೂರ ವೀರನಾರಾಯಣನ ಮುಂದೆ ಒಂದೊಂದಾಗಿ ನೆನೆಯುತ್ತೇನೆ. ಕೆಳಗಿನ ಬರ್ತ್ ಸಿಕ್ಕಿದ್ದು, ಎದುರಿನ ಯಜಮಾನರು ಗೊರಕೆ ಹೊಡೆಯದೆ ಮಲಗಿದ್ದು, ಸೀರೆ ಉಳಿದದ್ದು. ಆ ಪ್ರವಾಸದಲ್ಲಿ ನೆನೆಯಲು ಬೇಕಾದಷ್ಟಿತ್ತು. ಸಿಟ್ಟಿಗೇಳಲು ಅದಕ್ಕಿಂತ ಹೆಚ್ಚಿತ್ತು.

ತಂಗಿ ವತ್ಸಲಾಳ ಮನೆ ಬೋಡಕ್‌ದೇವ್‌ನಲ್ಲಿ, ಐದನೆಯ ಮಾಳಿಗೆ. ಅವಳ ಗಂಡ ರಘುನಾಥ ಕೇಂದ್ರ ಸರಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. ಭೂಕಂಪವಾಗಿ ಎರಡು ವರ್ಷವಾಗಿದ್ದರೂ ಬಾಗಿಲ ಬಳಿ ಬ್ಯಾಟರಿ, ಚಪ್ಪಲಿ, ನೀರಿನ ಬಾಟಲಿ ಜೋಡಿಸಿಟ್ಟೇ ಮಲಗುತ್ತಾರೆ. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿ, ಅದರ ಮೇಲೆ ರಾಯರ ಕ್ಯಾಲೆಂಡರು ತೂಗುಹಾಕಿದ್ದಾರೆ.

ನಾನು ಇಳಿದ ಮರುದಿನ ಏಕಾದಶಿ. ನಮ್ಮಲ್ಲಿ ಏಕಾದಶಿಯೆಂದರೆ ಗುಟುಕು ನೀರೂ ಇಲ್ಲ. ಪಕ್ಕದ ಮನೆಯ ಜ್ಯೋತ್ಸ್ನಾಬೆನ್ ತಮಗೂ ಉಪವಾಸ ಎನ್ನುತ್ತಾ ತಟ್ಟೆ ತುಂಬ ಸಾಬೂದಾಣಿ ಖಿಚಡಿ, ಆಲೂಗಡ್ಡೆ ಚಿಪ್ಸು, ಖರ್ಜೂರದ ಬರ್ಫಿ ತಂದಿಟ್ಟರು. ನಾನು ನೀರೂ ಮುಟ್ಟುವುದಿಲ್ಲ ಎಂದು ತಿಳಿದಾಗ ಅವರ ಮುಖದಲ್ಲಿ ಕಂಡದ್ದು ಭಕ್ತಿಯಲ್ಲ, ಕನಿಕರ. ಉಪವಾಸ ಒಬ್ಬೊಬ್ಬರದು ಒಂದೊಂದು ಬಗೆ. ಈ ಮಾತು ಮುಂದೆ ಬೇಕಾಗುತ್ತದೆ.

ಅದರ ಮಾರನೆಯ ದಿನ ಸಂಕ್ರಾಂತಿ. ನಾವು ಕುಸುರೆಳ್ಳು ಹಂಚಿ ಮುಗಿಸುವ ಹಬ್ಬಕ್ಕೆ ಅಲ್ಲಿ ಇಡೀ ಊರು ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತದೆ. ಮುದುಕರು ಕೂಡ ಕಪ್ಪು ಕನ್ನಡಕ ಹಾಕಿಕೊಂಡು, ಎದುರು ಮನೆಯವರ ಪಟ ಕತ್ತರಿಸಲು ಹಲ್ಲು ಕಚ್ಚಿ ನಿಂತಿರುತ್ತಾರೆ. ಗಾಜಿನ ಪುಡಿ ಸವರಿದ ದಾರ ಎಳೆದು ರಘುನಾಥರ ಬೆರಳು ಕುಯ್ದಿತು. ತಂಗಿಯ ಮಗಳು ಮೈಥಿಲಿ ಕೆಳಗಿನಿಂದ ಬಂದು, ಮಾತಿಲ್ಲದೆ ತೊಳೆದು, ಒತ್ತಿ ಹಿಡಿದು, ಪಟ್ಟಿ ಕಟ್ಟಿ ಮತ್ತೆ ಕೆಳಗಿಳಿದಳು. ಹಬ್ಬದ ದಿನ ಇಪ್ಪತ್ತು ವರ್ಷದ ಹುಡುಗಿ ಒಬ್ಬಳೇ ಕೋಣೆಯಲ್ಲಿ ಕೂತಿರುವುದು ನನಗೆ ಸರಿಕಾಣಲಿಲ್ಲ. ಹಿಂದೆಯೇ ಹೋದೆ.

ಮೈಥಿಲಿ ವಡೋದರಾದ ಕಾಲೇಜೊಂದರಲ್ಲಿ ನರ್ಸಿಂಗ್ ಮೂರನೆಯ ವರ್ಷ. ಹುಟ್ಟಿ ಬೆಳೆದದ್ದು ಗುಜರಾತಿನಲ್ಲೇ, ಹಾಗಾಗಿ ಅವಳ ಕನ್ನಡ ಎರಡು ಹೆಜ್ಜೆಗೊಮ್ಮೆ ಮುಗ್ಗರಿಸುತ್ತದೆ. ನಮ್ಮ ಕಡೆ ತಾಯಿಯ ಅಕ್ಕನಿಗೆ ಮೌಶಿ ಎನ್ನುತ್ತೇವೆ, ಅವಳು ಅಲ್ಲಿಯವರಂತೆ ಮಾಸಿ ಎನ್ನುತ್ತಾಳೆ. ಅವಳ ತೊಡೆಯ ಮೇಲೆ ಕಾಲೇಜಿನ ಕಾಗದವೊಂದಿತ್ತು. ಅತಿಥಿಗಳ ಎದುರು ತರಗತಿಯಲ್ಲಿ ಶಿಸ್ತು ಮೀರಿದ್ದಕ್ಕೆ, ರೋಗಿಯ ಮನೆಯವರನ್ನು ಆಸ್ಪತ್ರೆಯ ವಿರುದ್ಧ ಎತ್ತಿಕಟ್ಟಿದ್ದಕ್ಕೆ ಕ್ಷಮೆ ಕೇಳುತ್ತೇನೆ ಎಂದು ಅವಳ ಹೆಸರಿನಲ್ಲಿ ಟೈಪು ಮಾಡಿಸಿದ್ದರು. ಸಹಿಯ ಜಾಗ ಮಾತ್ರ ಖಾಲಿ. ಸೋಮವಾರದೊಳಗೆ ಸಹಿ ಮಾಡದಿದ್ದರೆ ಆ ವರ್ಷದ ಪರೀಕ್ಷೆಗೆ ಅವಳ ಹೆಸರು ಹೋಗುವುದಿಲ್ಲ.

ಏನು ಮಾಡಿದೆ ಎಂದು ಕೇಳಿದೆ. ಕನ್ನಡ, ಹಿಂದಿ, ಇಂಗ್ಲಿಷು ಕಲಸಿ ಹೇಳಿದಳು. ನಾನು ಬಿಡಿಸಿಕೊಂಡದ್ದು ಇಷ್ಟು.

ಅವರ ಕಾಲೇಜಿನಲ್ಲಿ ಹೊಸದೊಂದು ಪದ್ಧತಿ ಬಂದಿತ್ತು. ಡಾಕ್ಟರಾಗುವವರು, ನರ್ಸಾಗುವವರು, ವ್ಯಾಯಾಮ ಚಿಕಿತ್ಸೆ ಕಲಿಯುವವರು, ಪಥ್ಯದ ಊಟದ ವಿಷಯ ಓದುವವರು ಎಲ್ಲರೂ ಒಬ್ಬ ರೋಗಿಯ ಸುತ್ತ ಕೂತು ಕೂಡಿ ಕಲಿಯುವುದು. ಒಬ್ಬರ ವಿದ್ಯೆ ಇನ್ನೊಬ್ಬರಿಗೆ ತಿಳಿಯಲಿ ಎಂದು. ಒಳ್ಳೆಯದೇ ಅಲ್ಲವೇ? ಅದನ್ನು ನೋಡಲು ಹೊರಗಿನಿಂದ ದೊಡ್ಡವರು ಬಂದಿದ್ದರು. ಅಂದಿನ ಪಾಠಕ್ಕೆ ಶಾಂತಾಬಾ ಎಂಬ ಜೈನರ ಮುದುಕಿ. ಊರು ಸೂರತ್. ವಡೋದರಾದ ಮಗಳ ಮನೆಗೆ ಬಂದಿದ್ದಾಗ ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಕೆರಳಿ ಆಸ್ಪತ್ರೆ ಸೇರಿದವರು. ಪಾಠಕ್ಕೆ ಮೂರು ದಿನ ಮೊದಲು ಬೆಳಗಿನ ಜಾವ ಮೈಯೆಲ್ಲ ಬೆವತು, ಮಗಳ ಗುರುತೂ ಸಿಗದೆ, ರಕ್ತದ ಸಕ್ಕರೆ ಪೂರಾ ಇಳಿದು ಜೀವ ಹೋಗುವಂತಾಗಿತ್ತು. ನರಕ್ಕೆ ಗ್ಲೂಕೋಸು ಕೊಟ್ಟು ಉಳಿಸಿಕೊಂಡರು. ಯಾಕೆ ಹೀಗಾಯಿತು ಎಂದು ಪ್ರಾಧ್ಯಾಪಕರು ಕೇಳಿದಾಗ ಡಾಕ್ಟರಾಗುವ ಹುಡುಗರು ಮೂತ್ರಪಿಂಡ ಎಂದರು, ನಂಜು ಎಂದರು. ಹಿಂದೆ ಗೋಡೆಗೆ ಆತು ನಿಂತಿದ್ದ ಮೈಥಿಲಿ ಕೈ ಎತ್ತಿದಳು. ಒಂದು ಕೈ ಮಾತ್ರ, ಇನ್ನೊಂದರಲ್ಲಿ ಅತಿಥಿಗಳ ಚಹಾದ ಟ್ರೇ ಇತ್ತು.

ಶಾಂತಾಬಾ ಸೂರ್ಯ ಮುಳುಗಿದ ಮೇಲೆ ನೀರೂ ಮುಟ್ಟುವುದಿಲ್ಲ ಎಂದಳು. ಇನ್ಸುಲಿನ್ ಸೂಜಿ ಏಳಕ್ಕೆ, ಊಟದ ಗಾಡಿ ಏಳೂವರೆಗೆ. ಚಳಿಗಾಲದಲ್ಲಿ ಆರಕ್ಕೇ ಸೂರ್ಯ ಮುಳುಗುತ್ತಾನೆ. ಸೂಜಿ ಬಿತ್ತು, ಊಟ ಬೀಳಲಿಲ್ಲ. ಇದನ್ನು ತಾನು ಮುದುಕಿಯನ್ನೇ ಕೇಳಿ ತಿಳಿದು ನರ್ಸುಗಳ ಪುಸ್ತಕದಲ್ಲಿ ಸಕ್ಕರೆ ಇಳಿಯುವ ಎರಡು ದಿನ ಮೊದಲೇ ಬರೆದಿದ್ದೇನೆ ಎಂದೂ ಹೇಳಿದಳು. ಆದರೆ ಡಾಕ್ಟರು ನರ್ಸುಗಳ ಪುಸ್ತಕ ತೆರೆಯುವುದಿಲ್ಲ. ಊಟದ ವಿಭಾಗದವರ ಪುಸ್ತಕದಲ್ಲಿ ಊಟ ಕಳಿಸಿದೆ ಎಂದಷ್ಟೇ ಇತ್ತು. ಒಬ್ಬ ಮುದುಕಿಗೆ ಮೂರು ಪುಸ್ತಕ, ಮೂರು ಮೇಜಿನ ಮೇಲೆ.

ಅತಿಥಿಗಳು ಬರೆದುಕೊಂಡರಂತೆ. ಪ್ರಾಧ್ಯಾಪಕರ ಮುಖ ಕೆಂಪಾಯಿತಂತೆ. "ನರ್ಸಿಂಗಿನವರು ಇಲ್ಲಿ ಕೇಳಿಸಿಕೊಳ್ಳಲು ಬಂದಿದ್ದೀರಿ" ಎಂದರಂತೆ.

ನನಗೆ ಮೈ ಉರಿದುಹೋಯಿತು. ಕೂಡಿ ಕಲಿಯುವ ತರಗತಿಯಲ್ಲಿ ಚಹಾ ಹಂಚಲು ಯಾರ ಮಕ್ಕಳನ್ನು ಕರೆಸಿದ್ದರು? ಸಂಜೆ ಮನೆಯಲ್ಲಿ ಮಾತಾಯಿತು. ವತ್ಸಲಾ ಅಳುಮುಖ ಮಾಡಿ, "ಅಕ್ಕಾ, ನೀ ಸುಮ್ನಿರು. ಒಂದು ಸಹಿ ಮಾಡಿದ್ರ ಏನ ಹೋಗ್ತದ?" ಎಂದಳು.

"ಹೋಗೋದು ಆಕೀದು. ನಿಂದಲ್ಲ," ಎಂದೆ.

ರಘುನಾಥರು ಪಟ್ಟಿ ಕಟ್ಟಿದ ಬೆರಳನ್ನೇ ನೋಡುತ್ತಾ, "ಅಕ್ಕಾರ, ಸರಕಾರಿ ನೌಕರಿಯೊಳಗ ನಾ ಇಂಥವು ಭಾಳ ನೋಡೀನಿ. ಬಗ್ಗಿದವರು ಉಳೀತಾರ," ಎಂದರು. ಮರುದಿನ ಮೈಥಿಲಿ ಹಾಸ್ಟೆಲಿಗೆ ಹೊರಟಾಗ ನಾನೂ ಜೊತೆಗೆ ಚೀಲ ಎತ್ತಿಕೊಂಡೆ. ಅಕ್ಷರಧಾಮ, ಆಶ್ರಮ ಎಲ್ಲ ನೋಡಬೇಕೆಂದು ಬಂದವಳು ನೋಡಿದ್ದು ಕಾಲೇಜು.

ವಡೋದರಾ

ವಡೋದರಾ ಚಂದದ ಊರು. ರಸ್ತೆಯ ಬದಿಗೆ ಆಲದ ಮರ, ಅದರ ಬೇರಿಗೆ ಒರಗಿ ಕೂತು ಬಟಾಣಿ ರಸಕ್ಕೆ ಸೇವು ಉದುರಿಸಿದ ಉಸಳು ತಿನ್ನುವ ಜನ. ಅದನ್ನೆಲ್ಲ ನಾನು ನೋಡುತ್ತಿದ್ದ ಕಣ್ಣಿಗೆ ಸಿಟ್ಟೇ ತುಂಬಿತ್ತು.

ಕಾಲೇಜಿನ ಮುಂದೆ ದೊಡ್ಡ ಬ್ಯಾನರು. ನಾಲ್ಕು ಕೈಗಳು ಒಂದರ ಮೇಲೊಂದು. ಒಳಗೆ ಹೋದರೆ ಆ ತರಗತಿಯೇ ನಡೆದಿತ್ತು. ಅರ್ಧ ತೆರೆದ ಬಾಗಿಲಿನಿಂದ ಕಂಡಿತು. ನಡುವೆ ಮಂಚ, ಮಂಚದ ಮೇಲೆ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಫ್ಯಾನು ನೋಡುತ್ತಿರುವ ಒಬ್ಬ ಮುದುಕ. ಮುಂದಿನ ಕುರ್ಚಿಗಳಲ್ಲಿ ಡಾಕ್ಟರಾಗುವವರು. ಅವರ ಹಿಂದೆ ಉಳಿದ ಎರಡು ವಿದ್ಯೆಯವರು. ನರ್ಸಿಂಗ್ ಹುಡುಗಿಯರು ಗೋಡೆಗುಂಟ ನಿಂತಿದ್ದರು. ಒಬ್ಬಳು ಬೋರ್ಡು ಒರೆಸುತ್ತಿದ್ದಳು, ಇಬ್ಬರು ಕಪ್ಪು ಎತ್ತುತ್ತಿದ್ದರು. ನಮ್ಮಲ್ಲಿ ಮದುವೆ ಮನೆಯಲ್ಲಿ ಕೂಡ ಬಡಿಸಿದವರಿಗೆ ಕೊನೆಯ ಪಂಕ್ತಿಯಾದರೂ ಇರುತ್ತದೆ.

ಅಷ್ಟರಲ್ಲಿ ಬಿಳಿ ಕೋಟಿನವರೊಬ್ಬರು ಹೊರಗೆ ಬಂದರು. ಇವರೇ ಆ ಪ್ರಾಧ್ಯಾಪಕರು ಎಂದುಕೊಂಡು ಟೀವಿ ಧಾರಾವಾಹಿಯಿಂದ ಕಲಿತ ನನ್ನ ಹಿಂದಿಯನ್ನೆಲ್ಲ ಅವರ ಮೇಲೆ ಸುರಿದೆ. ಹೆಣ್ಣುಮಕ್ಕಳು ನಿಮ್ಮ ಮನೆಯ ಆಳುಗಳೋ, ಮುದುಕಿ ಸತ್ತಿದ್ದರೆ ಕ್ಷಮೆ ಯಾರು ಕೇಳುತ್ತಿದ್ದರು ಎಂದೆಲ್ಲ. ಮೈಥಿಲಿ ನನ್ನ ಸೆರಗು ಎಳೆಯುತ್ತಲೇ ಇದ್ದಳು. ಅವರು ಕೈಮುಗಿದು ಪೂರ್ತಿ ಕೇಳಿಸಿಕೊಂಡು, "ಬೆನ್, ನಾನು ವ್ಯಾಯಾಮ ಚಿಕಿತ್ಸೆಯ ಮೇಷ್ಟ್ರು. ಈ ಹುಡುಗಿಯರಿಗೂ ಕುರ್ಚಿ ಹಾಕಿಸಿ ಎಂದು ಬರೆದುಕೊಟ್ಟಿದ್ದೆ. ಅಂದಿನಿಂದ ನನಗೂ ಕುರ್ಚಿ ಇಲ್ಲ," ಎಂದರು. ಆ ಕಾಲೇಜಿನಲ್ಲಿ ಅಂದು ಮೊದಲು ಕ್ಷಮೆ ಕೇಳಿದವಳು ನಾನು.

ಪ್ರಾಂಶುಪಾಲ ಮೇಡಂ ನರ್ಸಾಗಿಯೇ ತಲೆ ನರೆದವರು. ಇಸ್ತ್ರಿಯ ಬಿಳಿ ಸೀರೆ, ಮೇಜಿನ ಮೇಲೆ ಒಂದು ಕಾಗದವೂ ವಾರೆ ಇಲ್ಲ. ಒರಟಾಗಿ ಮಾತಾಡಲಿಲ್ಲ. ನನಗೆ ನೀರು ಕೊಡಿಸಿದರು. ಮೂವತ್ತು ವರ್ಷದಲ್ಲಿ ಇಂಥ ಎಷ್ಟೋ ಕಾಗದಕ್ಕೆ ತಾವೂ ಸಹಿ ಹಾಕಿದ್ದಾಗಿಯೂ, ಹಾಕಿದ್ದರಿಂದಲೇ ಈ ಕುರ್ಚಿಯವರೆಗೆ ಬಂದದ್ದಾಗಿಯೂ ಹೇಳಿದರು. ಪುಸ್ತಕದಲ್ಲಿ ಬರೆದಿದ್ದಾಳಲ್ಲ, ಅದನ್ನು ತೆರೆದು ನೋಡಿ ಎಂದೆ. ನೋಡಿದ್ದೇನೆ ಎಂದರು. ಬರೆದದ್ದು ಸರಿಯಾಗಿದೆ ಎಂದೂ ಅಂದರು. ಮತ್ತೆ ಯಾಕೆ ಸಹಿ? ಅದಕ್ಕೆ ಅವರು ಮೈಥಿಲಿಯ ಕಡೆ ತಿರುಗಿ, ತರಗತಿಯ ಮಾತು ಒಂದಾದರೆ ರೋಗಿಯ ಮಗನ ಫಿರ್ಯಾದು ಇನ್ನೊಂದು, ಅವರು ಮನೆಗೆ ಹೋಗುವಾಗ ನಿನ್ನ ಹೆಸರು ಹಿಡಿದು ಗಲಾಟೆ ಮಾಡಿ ಹೋಗಿದ್ದಾರೆ, ಅದನ್ನು ನಾನು ಹೇಗೆ ಮುಚ್ಚಲಿ ಎಂದರು.

ಹುಡುಗಿಯ ಮುಖ ಬಿಳಿಚಿತು. ಕಾಗದಕ್ಕೆ ಹೆದರದವಳು ಆ ಮಾತಿಗೆ ಕುಸಿದಳು. ಹೊರಗೆ ಬಂದು ಆಲದ ಬೇರಿನ ಮೇಲೆ ಕೂತು, "ಮಾಸಿ, ಬಾ ನನ್ನ ಮ್ಯಾಲೆ ಕಂಪ್ಲೇಂಟ್ ಮಾಡಿದ್ರು ಅಂದ್ರ ನಾ ಸೈನ್ ಮಾಡ್ತೀನಿ," ಎಂದಳು. ಬಾ ಎಂದರೆ ಅಲ್ಲಿ ಅಜ್ಜಿ, ತಾಯಿ. ಅವಳ ಹತ್ತಿರ ಶಾಂತಾಬಾ ಕೊಟ್ಟ ವಿಳಾಸವಿತ್ತು. ಶುಕ್ರವಾರ ಅದು. ಸೋಮವಾರಕ್ಕೆ ಎರಡು ದಿನವಿತ್ತು.

ಸೂರತ್

ವಡೋದರಾದಿಂದ ಸೂರತ್‌ಗೆ ಹೆಂಗಸರ ಡಬ್ಬಿಯಲ್ಲಿ ಹೋದೆವು. ದಿನಾ ನೌಕರಿಗೆ ಓಡಾಡುವವರು. ಒಬ್ಬರು ತಾಳ ತೆಗೆದು ಭಜನೆ ಹೇಳಿದರು, ಉಳಿದವರು ಸಂಜೆಯ ಅಡಿಗೆಗೆ ತೊಗರಿಕಾಯಿ ಸುಲಿದರು. ಕೈ ಖಾಲಿ ಕಂಡದ್ದೇ ತಡ, ಗುರುತಿಲ್ಲದ ಒಬ್ಬಾಕೆ ನನ್ನ ಮಡಿಲಿಗೂ ಎರಡು ಬೊಗಸೆ ಸುರಿದು, ಸುಲಿ ಎಂದು ಸನ್ನೆ ಮಾಡಿದಳು. ಇಳಿಯುವ ಹೊತ್ತಿಗೆ ಕಾಳು ಎಣಿಸಿದಂತೆ ನೋಡಿ, ನಾನು ಹುಳುಕು ಬಿಟ್ಟಿದ್ದೇನೆ ಎಂದು ಗದರಿಸಿ, ಹಿಡಿ ಕಡಲೆಕಾಯಿ ಕೊಟ್ಟು ಹೋದಳು. ಅಂಥ ಹಕ್ಕಿನ ಗದರಿಕೆ ಕೇಳಿ ಮನಸ್ಸು ಸ್ವಲ್ಪ ತಂಪಾಯಿತು.

ಕತಾರ್‌ಗಾಮ್‌ನ ಗಲ್ಲಿಗಳಲ್ಲಿ ಪ್ರತಿ ಮನೆಯಿಂದಲೂ ಜೇನು ಗೂಡಿನ ಸದ್ದು. ವಜ್ರ ಉಜ್ಜುವ ಚಕ್ರಗಳವು. ಶಾಂತಾಬಾ ಅವರ ಮಗ ನರೇಶಭಾಯಿ ಕೆಳಗೆ ಸಣ್ಣ ಕಾರ್ಖಾನೆ, ಮೇಲೆ ಮನೆ ಮಾಡಿಕೊಂಡಿದ್ದಾರೆ. ಮುದುಕಿ ಮಂಚದ ಮೇಲೆ ಕೂತು ಪೋಂಕ್ ಬಿಡಿಸುತ್ತಿದ್ದರು. ಪೋಂಕ್ ಎಂದರೆ ಬೇರೆ ಏನಲ್ಲ, ನಮ್ಮ ಸೀತನಿ. ಹಸಿ ಜೋಳದ ತೆನೆ ಸುಟ್ಟು ಉದುರಿಸಿದ ಹಾಲುಗಾಳು. ಮನೆಯಿಂದ ಅಷ್ಟು ದೂರ ಆ ವಾಸನೆ ಬಂದಾಗ ಕಣ್ಣು ತುಂಬಿತು. ಇದನ್ನೂ ಸಂಜೆ ದೀಪದ ಮುಂದೆ ನೆನೆಯಬೇಕೆಂದುಕೊಂಡೆ.

ಮೈಥಿಲಿ ಕುಶಲ ಕೇಳುವ ಮೊದಲೇ ಮುದುಕಿಯ ಕಾಲಿನ ಪಟ್ಟಿ ಬಿಚ್ಚಿ ನೋಡಿದಳು. ಹುಣ್ಣು ಮಾಗುತ್ತಿತ್ತು. ಆಮೇಲೆ ತಲೆ ತಗ್ಗಿಸಿಯೇ ನರೇಶಭಾಯಿಯನ್ನು ಕೇಳಿದಳು, ನೀವು ನನ್ನ ಮೇಲೆ ಫಿರ್ಯಾದು ಕೊಟ್ಟಿರೇ ಎಂದು. ಗುಜರಾತಿಯಲ್ಲಿ ನಡೆದ ಮಾತನ್ನು ನನಗೆ ಬಿಡಿಸಿ ಹೇಳಿದವಳೂ ಅವಳೇ.

"ಫಿರ್ಯಾದು ಮಾಡಿದ್ದು ನಿಜ," ಎಂದರು ಅವರು. "ನಿನ್ನ ಹೆಸರು ಹೇಳಿದ್ದೂ ನಿಜ. ಈ ಹುಡುಗಿ ಒಬ್ಬಳೇ ನನ್ನ ತಾಯಿಯನ್ನು ಯಾವಾಗ ಉಣ್ಣುತ್ತೀಯಾ ಎಂದು ಕೇಳಿದಳು, ನಿಮಗೆಲ್ಲ ಏನಾಗಿತ್ತು ಎಂದು ಕೇಳಿದೆ. ಅದನ್ನು ಹೀಗೆ ತಿರುಗಿಸಿದರೇ?"

ಅವರಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. ನಮ್ಮನ್ನು ಎಬ್ಬಿಸಿಕೊಂಡು ಕೆಳಗೆ ಕಾರ್ಖಾನೆಗೆ ಕರೆದೊಯ್ದರು. ಒಂದು ಚಕ್ರದ ಸುತ್ತ ನಾಲ್ಕು ಜನ ಕೂತು ಉಜ್ಜುತ್ತಿದ್ದರು. ಪ್ರತಿಯೊಬ್ಬರ ಪಕ್ಕದಲ್ಲೂ ಅಂಗೈಯಗಲದ ಮಡಚಿದ ಕಾಗದ. ಸಾಸಿವೆಯಷ್ಟು ಕಲ್ಲು ಬರುವುದೇ ಆ ಕಾಗದದಲ್ಲಿ. ಒಬ್ಬ ತಲೆ ಉಜ್ಜುತ್ತಾನೆ, ಒಬ್ಬ ತಳ, ಒಬ್ಬ ಅಂಚು. ತನ್ನ ಕೆಲಸ ಮುಗಿದ ಕೂಡಲೇ ಕಾಗದದ ಮೇಲೆ ಬರೆಯುತ್ತಾನೆ, ಎಷ್ಟು ತೂಕ ಉಳಿಯಿತು, ಎಲ್ಲಿ ಬಿರುಕಿದೆ ಎಂದು. ಮುಂದಿನವನು ಅದನ್ನು ಓದದೆ ಕಲ್ಲು ಮುಟ್ಟುವುದಿಲ್ಲ. ಇದು ಅಲ್ಲಿಯ ಕಟ್ಟಳೆ. ಎಂಟನೆಯ ಇಯತ್ತೆ ದಾಟದವರೂ ಪಾಲಿಸುತ್ತಾರೆ.

"ಕಲ್ಲು ಒಂದು, ಚೀಟಿ ಒಂದು. ಚೀಟಿ ಕಲ್ಲಿನ ಜೊತೆ ಹೋಗುತ್ತದೆ, ಯಾರ ಮೇಜಿನ ಮೇಲೂ ಉಳಿಯುವುದಿಲ್ಲ," ಎಂದರು ನರೇಶಭಾಯಿ. "ನನ್ನ ತಾಯಿಯ ಚೀಟಿ ಎಲ್ಲಿತ್ತು?"

ಮೇಲೆ ಬಂದಾಗ ಐದೂವರೆ. ಸೊಸೆ ಗೋಡೆಗೆ ಅಂಟಿಸಿದ ಕಾಗದ ನೋಡಿ ಮುದುಕಿಗೆ ಸೂಜಿ ಹಾಕಿದಳು. ಆ ಕಾಗದ ಬರೆದುಕೊಟ್ಟದ್ದು ಮೈಥಿಲಿಯೇ, ಆಸ್ಪತ್ರೆ ಬಿಡುವ ದಿನ ಡಾಕ್ಟರನ್ನು ಕೇಳಿ. ಸೂಜಿ ಎಷ್ಟಕ್ಕೆ, ರೊಟ್ಟಿ ಎಷ್ಟಕ್ಕೆ, ಸೂರ್ಯ ಎಷ್ಟಕ್ಕೆ. ಮನೆಯವರೆಲ್ಲ ಕಿಟಕಿಯ ಕಡೆ ಒಂದು ಕಣ್ಣಿಟ್ಟು ಬೆಳಕಿರುವಾಗಲೇ ಉಂಡರು. ನಮಗೂ ಬಡಿಸಿದರು. ಬೇಳೆ ಸಿಹಿಯಾಗಿತ್ತು. ಚಟ್ನಿಯ ನೆನಪೇ ಆಗಲಿಲ್ಲ.

ಊಟವಾದ ಮೇಲೆ ಹುಡುಗಿ ಅಡಿಗೆ ಮನೆಯ ನೆಲದ ಮೇಲೆ ಕೂತು ಇಂಗ್ಲಿಷಿನಲ್ಲಿ ತನ್ನದೇ ಕಾಗದ ಬರೆದಳು. ನನಗೆ ಓದಿ ಅರ್ಥ ಹೇಳಿದಾಗ ಮೊದಲ ಸಾಲಿಗೇ ನಾನು ಸಿಡಿದೆ. ಕ್ಷಮೆ ಕೇಳುತ್ತೇನೆ ಎಂದೇ ಶುರುವಾಗಿತ್ತು.

"ಇಷ್ಟು ದೂರ ಬಂದದ್ದು ಇದನ್ನ ಬರೀಲಿಕ್ಕೇನು?" ಎಂದೆ.

"ಮಾಸಿ, ನಂದೂ ತಪ್ಪು ಅದ," ಎಂದಳು. "ನಾ ಬುಕ್ಕಿನಾಗ ಬರದೆ. ಡಾಕ್ಟರ್‌ಗೆ ಹೋಗಿ ಹೇಳಲಿಲ್ಲ. ಹೆದರಿಕಿ ಆತು. ಬರದೀನಲ್ಲಾ, ಆತು ಅಂದ್ಕೊಂಡೆ."

ಗದರಿಸಲು ಬಾಯಿ ತೆರೆದವಳಿಗೆ ಮನೆಯ ನೆನಪಾಯಿತು. ನನ್ನ ಅತ್ತೆಯವರಿಗೂ ಸಕ್ಕರೆ ಕಾಯಿಲೆ, ಜೊತೆಗೆ ಏಕಾದಶಿ ಬಿಡದ ಹಟ. ಹನ್ನೊಂದು ವರ್ಷ ನಾನೇ ಡಾಕ್ಟರ ಹತ್ತಿರ ಹೋಗಿ ಗುಳಿಗೆಯ ಲೆಕ್ಕ ಕೇಳಿ, ಆಚಾರ್ಯರ ಹತ್ತಿರ ಹೋಗಿ ರೋಗಿಗೆ ಹಾಲು ಹಣ್ಣು ಸಲ್ಲುತ್ತದೆಂದು ಕೇಳಿ, ದ್ವಾದಶಿ ಪಾರಣೆಯನ್ನು ಬೆಳಗಾಗುತ್ತಲೇ ಬಡಿಸಿ ನಡೆಸಿದವಳು. ಯಾವ ಕಾಲೇಜೂ ನನಗೆ ಕಲಿಸಲಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆದರೆ ಒಂದು ಏಕಾದಶಿ, ಇಂದು ಗುಳಿಗೆ ಬೇಡ ಎಂದು ನಮ್ಮ ಯಜಮಾನರಿಗೆ ಹೇಳುವುದು ಮರೆತೆ. ಅವರು ದಿನದಂತೆ ಕೊಟ್ಟರು. ಅತ್ತೆ ತುಳಸಿ ಕಟ್ಟೆಯ ಹತ್ತಿರ ಬಿದ್ದರು. ಬದುಕಿದರು, ಅದು ದೇವರ ದಯೆ. ತಪ್ಪು ಯಜಮಾನರದು ಎಂದೇ ನಾನು ಅಂದಿನವರೆಗೂ ಹೇಳುತ್ತಾ ಬಂದಿದ್ದೆ. ಇಪ್ಪತ್ತು ವರ್ಷದ ಹುಡುಗಿ ಎರಡು ವಾರದಲ್ಲಿ ಹೇಳಿದ ಮಾತು ನನ್ನ ಬಾಯಿಂದ ಹೊರಟಿರಲಿಲ್ಲ.

"ಬರಿ. ಆದರ ಉಳಿದವರ ತಪ್ಪೂ ಬರಿ," ಎಂದೆ. ಬರೆದಿದ್ದಳು.

ಮತ್ತೆ ವಡೋದರಾ

ಸೋಮವಾರ ಬೆಳಿಗ್ಗೆ ಪ್ರಾಂಶುಪಾಲ ಮೇಡಂ ಆ ಎರಡು ಪುಟವನ್ನು ಎರಡು ಸಲ ಓದಿದರು. ಜೊತೆಗೆ ನರೇಶಭಾಯಿ ಗುಜರಾತಿಯಲ್ಲಿ ಬರೆದು ಸಹಿ ಹಾಕಿದ ನಾಲ್ಕು ಸಾಲೂ ಇತ್ತು. ಟೈಪು ಮಾಡಿದ ಕಾಗದ ಹಾಗೇ ಖಾಲಿ ಸಹಿಯೊಂದಿಗೆ ಮೇಜಿನ ಮೇಲೆ ಬಿದ್ದಿತ್ತು.

"ಇದು ಕ್ಷಮಾಪಣೆಯಲ್ಲ," ಎಂದರು ಮೇಡಂ.

ಮೊದಲ ಸಾಲು ಕ್ಷಮಾಪಣೆಯೇ ಮೇಡಂ ಎಂದಳು ಮೈಥಿಲಿ. ಆಮೇಲಿನದು, ಪ್ರತಿ ರೋಗಿಯ ಮಂಚಕ್ಕೆ ಒಂದೇ ಹಾಳೆ ಇರಲಿ, ಮುಟ್ಟುವವರೆಲ್ಲ ಮೊದಲು ಅದನ್ನು ಓದಲಿ, ನಂತರ ಅದರಲ್ಲೇ ಬರೆಯಲಿ, ತರಗತಿಯಲ್ಲೂ ಅದನ್ನಿಟ್ಟುಕೊಂಡೇ ಕಲಿಸಲಿ ಎಂಬ ವಿನಂತಿ.

ಮೇಡಂ ಡ್ರಾಯರಿನಿಂದ ಪರೀಕ್ಷೆಯ ಪಟ್ಟಿ ತೆಗೆದು, ಕೊನೆಯಲ್ಲಿ ಕೈಯಿಂದಲೇ ಅವಳ ಹೆಸರು ಸೇರಿಸಿದರು. ಪ್ರಾಧ್ಯಾಪಕರಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. ಹುಡುಗಿ ಕ್ಷಮೆ ಕೇಳಿದ್ದಾಳೆ ಎಂದು ಹೇಳುತ್ತೇನೆ, ಅವರು ಎರಡನೆಯ ಸಾಲಿನವರೆಗೆ ಓದುವುದಿಲ್ಲ ಎಂದರು. ನಗಲಿಲ್ಲ. ನನಗೂ ನಗು ಬರಲಿಲ್ಲ. ಸರಿಯಾದ ಮಾತನ್ನು ಇನ್ನೂ ಹೀಗೆ ಅಡಗಿಸಿಯೇ ಸಾಗಿಸಬೇಕೆಂದರೆ ಇವರು ಕಲಿಸುವುದಾದರೂ ಏನನ್ನು ಎಂಬ ಸಿಟ್ಟು ಇಳಿದಿರಲಿಲ್ಲ. ಆ ಪ್ರಾಧ್ಯಾಪಕರ ಮುಖವನ್ನು ನಾನು ಕೊನೆಗೂ ನೋಡಲಿಲ್ಲ. ಅದೂ ಒಂದು ದಯೆ ಇರಬೇಕು, ಅವರ ಮೇಲಿನದು.

ಗದಗಿಗೆ ಬಂದು ಯಜಮಾನರಿಗೆ ತುಳಸಿ ಕಟ್ಟೆಯ ವಿಷಯ ಹೇಳಿದೆ. ಅವರು ಪೇಪರು ಇಳಿಸಿ, "ಗೊತ್ತಿತ್ತು," ಎಂದು ಮತ್ತೆ ಪೇಪರು ಏರಿಸಿದರು.

ಮಳೆಗಾಲದಲ್ಲಿ ಮೈಥಿಲಿ ಫೋನು ಮಾಡಿದಳು. ಪಾಸಾಗಿದ್ದಳು. ಶಾಂತಾಬಾ ನಡೆಯುತ್ತಿದ್ದಾರೆ. ವಾರ್ಡಿನಲ್ಲಿ ಮಂಚಕ್ಕೊಂದು ಹಾಳೆ ಬಂದಿದೆಯಂತೆ, ಅಚ್ಚು ಹಾಕಿಸಿದ್ದು, ಪ್ರಾಧ್ಯಾಪಕರ ಹೊಸ ಯೋಜನೆ ಎಂದು ಅವರದೇ ಹೆಸರಿನಲ್ಲಿ. ನನಗೆ ಮತ್ತೆ ಮೈ ಉರಿಯಿತು. ಚಹಾ ಯಾರು ಹಂಚುತ್ತಾರೆ ಎಂದು ಕೇಳಿದೆ. ಇನ್ನೂ ನಾವೇ ಎಂದಳು. ಹಾಳೆಯಲ್ಲಿ ನರ್ಸುಗಳಿಗೆ ಜಾಗ ಇದೆಯೋ ಇಲ್ಲವೋ ಎಂದು ಕೇಳಿದೆ.

"ಅದ ಮಾಸಿ. ಲಾಸ್ಟ್ ಕಾಲಂ, ಎಲ್ಲಾಕ್ಕಿಂತ ಸಣ್ಣದು. ನಾ ಅಂಚಿನಾಗೂ ಬರೀತೀನಿ. ಬರದು, ಡಾಕ್ಟರ್‌ಗೆ ಹೋಗಿ ಹೇಳ್ತೀನಿ."